ಪಹಣಿಗೆ ಕಾವಲು

ಸಕಲೇಶಪುರ, ಆಲೂರು ಸೀಮೆಯ ಕಾಫಿ ಬೆಳೆಗಾರನ ಪಹಣಿಯಲ್ಲಿ ಒಂದು ಸಾಲು ತಪ್ಪಾಗಿ ತಿದ್ದಿಹೋದರೂ ಜಮೀನಿನ ಹಕ್ಕೇ ವ್ಯಾಜ್ಯಕ್ಕೆ ಬೀಳುತ್ತದೆ. ಆದುದರಿಂದಲೇ ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ನೌಕರನು ಬೆರಳಚ್ಚಿನಿಂದ ಗುರುತು ಸ್ಥಾಪಿಸುವ ಏರ್ಪಾಡಾಯಿತು.

ಇಂಥ ದಾಖಲೆಯನ್ನು ಜಾಲಸೇವೆಯ ಮೂಲಕ ಬ್ಯಾಂಕಿನ ಗಣಕಕ್ಕೆ ಒದಗಿಸುವಾಗ ಪ್ರಶ್ನೆಗಳು ಎರಡು: ಕೇಳುವವರು ಯಾರು? ಅವರಿಗೆ ಯಾವುದರ ಅಧಿಕಾರವುಂಟು? ಓದಬಹುದಾದ ಬ್ಯಾಂಕು ಖಾತೆ ಬದಲಿಸಲಾಗದು. ಈ ವಿಚಾರಣೆಯನ್ನು ಸೇವೆ ಸೇವೆಗೂ ಬೇರೆಬೇರೆ ಬರೆದರೆ ಎಲ್ಲಿಯಾದರೂ ಮರೆವು ತಪ್ಪದು. ಸ್ಪ್ರಿಂಗ್ ಸೆಕ್ಯುರಿಟಿಯಂಥ ಚೌಕಟ್ಟು ಅದನ್ನು ಬಾಗಿಲಲ್ಲೇ ನಡೆಸುತ್ತದೆ.

ಬಾಗಿಲ ಕಾವಲೊಂದೇ ಸಾಲದೆಂಬುದು ನಮ್ಮ ಅಭಿಪ್ರಾಯ. ಟಿಎಲ್‌ಎಸ್ ಎರಡು ಗಣಕಗಳ ನಡುವಣ ದಾರಿಯನ್ನಷ್ಟೇ ಕಾಯುತ್ತದೆ. 2004ರಲ್ಲಿ ಓಯಸಿಸ್ ಸಂಸ್ಥೆ ಅಂಗೀಕರಿಸಿದ ಡಬ್ಲ್ಯೂಎಸ್-ಸೆಕ್ಯುರಿಟಿಯಾದರೋ ಸಂದೇಶಕ್ಕೇ ಸಹಿಯನ್ನು ಕೂಡಿಸುತ್ತದೆ. ಲಾರಿ ಬದಲಾದರೂ ಕಾಫಿ ಚೀಲದ ಮೊಹರು ಉಳಿಯುವಂತೆ. ಸಹಿ ಬಿದ್ದ ಭಾಗದಲ್ಲಿ ಅಕ್ಷರವೊಂದು ಬದಲಾದರೂ ತಾಳೆ ತಪ್ಪಿ, ಸೇವೆಯು ಕೋರಿಕೆಯನ್ನು ತಿರಸ್ಕರಿಸುತ್ತದೆ.