ಟ್ರಂಪ್ ಹೇಳುವ ಆ ‘ಮತ್ತೆ’ ಯಾವ ಕಾಲದ್ದು?

‘ಅಮೆರಿಕವನ್ನು ಮತ್ತೆ ಶ್ರೇಷ್ಠಗೊಳಿಸೋಣ’ ಎಂಬ ಘೋಷಣೆ ಕೇಳದವರು ಯಾರಿದ್ದಾರೆ? ಅದರ ಭಾರವೆಲ್ಲ ಇರುವುದು ‘ಮತ್ತೆ’ ಎಂಬ ಒಂದು ಪದದ ಮೇಲೆ. ಮತ್ತೆ ಅಂದರೆ ಯಾವಾಗಿನ ಹಾಗೆ?

ಹಲವರ ಮನಸ್ಸಲ್ಲಿರುವುದು 1950ರ ದಶಕ. ಮನೆಯಲ್ಲಿ ಒಬ್ಬ ಫ್ಯಾಕ್ಟರಿಗೆ ಹೋದರೆ ಸಾಕು, ಮನೆ, ಕಾರು, ಮಕ್ಕಳ ಓದು ಎಲ್ಲ ನಡೆಯುತ್ತಿತ್ತು ಎನ್ನುತ್ತಾರೆ. ಇದು ಪೂರ್ತಿ ಸುಳ್ಳಲ್ಲ. ಒಹಾಯೊ, ಮಿಷಿಗನ್‌ಗಳಲ್ಲಿ ಫ್ಯಾಕ್ಟರಿ ಮುಚ್ಚಿದ ಊರಿನವರ ಸಂಕಟವನ್ನು ಬರೀ ದ್ವೇಷ ಎಂದು ತಳ್ಳಿಹಾಕಬಾರದು. ಆದರೆ ಆ ಹಳೇ ಫೋಟೋದಲ್ಲಿ ಯಾರಿಲ್ಲ ಅಂತಲೂ ನೋಡಬೇಕಲ್ವಾ? ನ್ಯೂಯಾರ್ಕ್ ಸಮೀಪ 1947ರಲ್ಲಿ ಶುರುವಾದ ಲೆವಿಟೌನ್ ಎಂಬ ಹೆಸರುವಾಸಿ ಬಡಾವಣೆಯಲ್ಲಿ ಕಪ್ಪು ಜನರಿಗೆ ಮನೆ ಕೊಡುತ್ತಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಶಾಲೆ, ಕುಡಿಯುವ ನೀರಿನ ನಲ್ಲಿ ಕೂಡ ಬೇರೆ ಬೇರೆ.

ಇನ್ನು ನಮ್ಮಂಥವರಿಗೆ ಬಾಗಿಲೇ ಮುಚ್ಚಿತ್ತು. 1790ರ ಕಾನೂನಿನಂತೆ, ವಲಸೆ ಬಂದವರಲ್ಲಿ ಪೌರತ್ವ ಸಿಗುತ್ತಿದ್ದುದು ‘ಬಿಳಿಯರಿಗೆ’ ಮಾತ್ರ. 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿದರು. 1917ರಲ್ಲಿ ಭಾರತವೂ ಸೇರಿ ಏಷ್ಯಾದ ಬಹುಭಾಗದಿಂದ ವಲಸೆ ನಿಷೇಧವಾಯಿತು. 1924ರ ಜಾನ್ಸನ್-ರೀಡ್ ಕಾಯ್ದೆ ಯುರೋಪಿನವರಿಗೂ ದೇಶವಾರು ಕೋಟಾ ಹಾಕಿತು. ಅದಕ್ಕೆ ಲೆಕ್ಕ ಹಿಡಿದದ್ದು ಯಾವ ಜನಗಣತಿ ಗೊತ್ತಾ? 1890ರದ್ದು! ಇಟಲಿಯವರು, ಪೂರ್ವ ಯುರೋಪಿನ ಯಹೂದಿಗಳು ಹೆಚ್ಚಾಗಿ ಬಂದದ್ದು ಆಮೇಲೆ. ಅವರು ಬರುವ ಮೊದಲಿನ ಅಮೆರಿಕವೇ ಬೇಕು ಎಂಬ ಹಂಬಲ ಆಗಲೇ ಕಾನೂನಾಗಿತ್ತು.

ಇದರ ಬಿಸಿ ತಟ್ಟಿದವರಲ್ಲಿ ವೈಷ್ಣೋ ದಾಸ್ ಬಗಾಯಿ ಒಬ್ಬರು. 1915ರಲ್ಲಿ ಹೆಂಡತಿ ಕಲಾ ಮತ್ತು ಮಕ್ಕಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ, ಅಂಗಡಿ ಇಟ್ಟು, ಪೌರತ್ವವನ್ನೂ ಪಡೆದಿದ್ದರು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಅಮೆರಿಕದ ಸೇನೆಯಲ್ಲೇ ಇದ್ದ ಭಗತ್ ಸಿಂಗ್ ಥಿಂಡ್ ಎಂಬವರ ಕೇಸಿನಲ್ಲಿ ಭಾರತೀಯರು ಬಿಳಿಯರಲ್ಲ ಎಂದು ತೀರ್ಪಿತ್ತಿತು. ಕೊಟ್ಟ ಪೌರತ್ವವನ್ನೂ ಕಿತ್ತುಕೊಂಡರು. ಬಗಾಯಿ ಆಸ್ತಿ ಕಳಕೊಂಡರು, ಯಾವ ದೇಶದ ಪ್ರಜೆಯೂ ಆಗಿ ಉಳಿಯಲಿಲ್ಲ. 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು.

ಧರ್ಮವೂ ಅಡ್ಡ ಬಂದದ್ದಿದೆ. 1942ರಲ್ಲಿ ಮಿಷಿಗನ್‌ನ ಕೋರ್ಟೊಂದು ಯಮನ್‌ನ ಅಹ್ಮದ್ ಹಸನ್ ಎಂಬವರಿಗೆ ಪೌರತ್ವ ನಿರಾಕರಿಸುವಾಗ ಅವರ ಮೈಬಣ್ಣದ ಜೊತೆ ಇಸ್ಲಾಮನ್ನೂ ಕಾರಣವಾಗಿ ಎತ್ತಿತ್ತು.

1965ರಲ್ಲಿ ಈ ಕೋಟಾ ಪದ್ಧತಿ ರದ್ದಾಯಿತು. ಭಾರತದ ಡಾಕ್ಟರ್‌ಗಳು, ಇಂಜಿನಿಯರ್‌ಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋಗಿದ್ದು ಆಮೇಲೆ. 1970ರಲ್ಲಿ ಹೊರದೇಶದಲ್ಲಿ ಹುಟ್ಟಿದವರು ಅಲ್ಲಿನ ಜನಸಂಖ್ಯೆಯ ಶೇ. 5ಕ್ಕಿಂತ ಕಡಿಮೆ, ಈಗ ಶೇ. 14ರ ಮೇಲೆ. 1890ರಲ್ಲೂ ಹೆಚ್ಚು ಕಡಿಮೆ ಅಷ್ಟೇ ಇದ್ದರು ಎಂಬುದನ್ನು ಮಾತ್ರ ಯಾರೂ ಭಾಷಣದಲ್ಲಿ ಹೇಳುವುದಿಲ್ಲ.

ಮುಂದೆ ಟ್ರಂಪ್ ಸರಕಾರದ ಅಟಾರ್ನಿ ಜನರಲ್ ಆದ ಜೆಫ್ ಸೆಷನ್ಸ್, 2015ರಲ್ಲಿ ರೇಡಿಯೋ ಸಂದರ್ಶನವೊಂದರಲ್ಲಿ 1924ರ ಕಾನೂನಿನಿಂದ ದೇಶಕ್ಕೆ ಒಳ್ಳೆಯದಾಯಿತು ಎಂದಿದ್ದರು. ಅವರ ಸಹಾಯಕರಾಗಿದ್ದ ಸ್ಟೀಫನ್ ಮಿಲ್ಲರ್ ಟ್ರಂಪ್‌ರ ವಲಸೆ ನೀತಿಯ ಮುಖ್ಯ ರೂವಾರಿ. 2017ರಲ್ಲಿ ಏಳು ಮುಸ್ಲಿಂ ಬಹುಸಂಖ್ಯಾತ ದೇಶಗಳ ಮೇಲೆ ಪ್ರಯಾಣ ನಿರ್ಬಂಧ ಬಂತು, 2025ರ ಜೂನ್‌ನಲ್ಲಿ 12 ದೇಶಗಳ ಮೇಲೆ. ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ; ಬೆಂಗಳೂರಿನ ಐಟಿ ಹುಡುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ನಿರಾಶ್ರಿತರ ವಾರ್ಷಿಕ ಮಿತಿಯನ್ನು 7,500ಕ್ಕೆ ಇಳಿಸಿ, ಅದರಲ್ಲೂ ಆದ್ಯತೆಯನ್ನು ದಕ್ಷಿಣ ಆಫ್ರಿಕಾದ ಬಿಳಿಯ ಆಫ್ರಿಕಾನರ್‌ಗಳಿಗೆ ಕೊಟ್ಟರು.

ಗಂಡ ತೀರಿದ ಮೇಲೂ ಕಲಾ ಬಗಾಯಿ ಅಮೆರಿಕ ಬಿಡಲಿಲ್ಲ. 1946ರಲ್ಲಿ ಕಾನೂನು ಬದಲಾದ ನಂತರ ಅವರಿಗೆ ಪೌರತ್ವ ಸಿಕ್ಕಿತು. ಹಿಂದೊಮ್ಮೆ ಈ ಕುಟುಂಬ ಬರ್ಕ್‌ಲಿ ಪಟ್ಟಣದಲ್ಲಿ ಮನೆ ಖರೀದಿಸಿ ಸಾಮಾನು ಸಮೇತ ಹೋದಾಗ, ಒಳಗೆ ಹೋಗದಂತೆ ನೆರೆಹೊರೆಯವರು ಆ ಮನೆಗೆ ಬೀಗ ಜಡಿದಿದ್ದರು. ಅದೇ ಪಟ್ಟಣದ ಒಂದು ಬೀದಿಗೆ ಈಗ ಕಲಾ ಬಗಾಯಿ ಹೆಸರಿದೆ.