ಗಾಂಡೀವ ಭಾರವಾದಾಗ

ಶ್ರೀಕೃಷ್ಣನ ನಿರ್ಯಾಣಾನಂತರ ಅರ್ಜುನನು ಯಾದವ ಸ್ತ್ರೀಯರನ್ನು ಕರೆದುಕೊಂಡು ದ್ವಾರಕೆಯಿಂದ ಹೊರಟ ಕಥೆ ಮಹಾಭಾರತದ ಮೌಸಲಪರ್ವದಲ್ಲಿ ಬರುತ್ತದೆ. ದಾರಿಯಲ್ಲಿ ದೊಣ್ಣೆ ಹಿಡಿದ ಆಭೀರರ ಗುಂಪು ಅವರ ಮೇಲೆ ಬೀಳುತ್ತದೆ. ಅರ್ಜುನನು ಗಾಂಡೀವಕ್ಕೆ ಹೆದೆಯೇರಿಸಲು ಹೆಣಗುತ್ತಾನೆ, ದಿವ್ಯಾಸ್ತ್ರಗಳು ನೆನಪಿಗೆ ಬಾರವು, ಬಾಣಗಳು ಮುಗಿದುಹೋಗುತ್ತವೆ. ಕುರುಕ್ಷೇತ್ರವನ್ನು ಗೆದ್ದ ವೀರನು ಕೋಲು ಹಿಡಿದವರ ಮುಂದೆ ಸೋಲುತ್ತಾನೆ. ಬಾಲ್ಯದಲ್ಲಿ ಹಿರಿಯರ ಬಾಯಿಂದ ಈ ಕಥೆಯನ್ನು ಕೇಳಿದಾಗ ನಮಗಾಗಿದ್ದ ಸಂಕಟ ಇಂದಿಗೂ ನೆನಪಿದೆ. ಅದೇ ಬಿಲ್ಲು, ಅದೇ ತೋಳು, ಹಾಗಿದ್ದೂ ಸೋಲೇಕೆ?

ಈ ಪ್ರಶ್ನೆ ಪುರಾಣಕ್ಕೆ ಮಾತ್ರ ಸೇರಿದ್ದಲ್ಲ. ಮುಷ್ಟಿಯುದ್ಧದ ಇತಿಹಾಸವನ್ನು ತೆರೆದರೆ ಪುಟಪುಟದಲ್ಲಿಯೂ ಅದೇ ಎದುರಾಗುತ್ತದೆ. ಒಂದು ಕಾಲಕ್ಕೆ ಯಾರಿಂದಲೂ ಮುಟ್ಟಲಾಗದಿದ್ದ ವೀರರು ಕೊನೆಗಾಲದಲ್ಲಿ ತಮಗಿಂತ ಕಿರಿಯರ ಎದುರಿಗೆ, ಕೆಲವೊಮ್ಮೆ ತಮಗಿಂತ ತೀರ ಸಾಧಾರಣರ ಎದುರಿಗೆ, ಕುಸಿದಿದ್ದಾರೆ.

1980ರ ಅಕ್ಟೋಬರ್ 2ರಂದು ಅಮೆರಿಕದ ಲಾಸ್ ವೇಗಾಸ್ ನಗರದಲ್ಲಿ ನಡೆದುದನ್ನೇ ನೋಡೋಣ. ಮುಹಮ್ಮದ್ ಅಲಿಗೆ ಆಗ 38 ವರ್ಷ. ಅದೇ ವರ್ಷದ ಆರಂಭದಲ್ಲಿ ಆತ ಮದರಾಸಿಗೆ ಬಂದು ಜಿಮ್ಮಿ ಎಲ್ಲಿಸ್‌ನೊಡನೆ ಪ್ರದರ್ಶನ ಪಂದ್ಯವಾಡಿದ್ದನು. ಅದನ್ನು ಕಂಡವರು ನಮ್ಮ ಹಿರಿಯ ಓದುಗರಲ್ಲಿಯೂ ಇದ್ದಾರು. ಲಾಸ್ ವೇಗಾಸಿನಲ್ಲಿ ಆತನ ಎದುರಿಗೆ ನಿಂತವನು ಲ್ಯಾರಿ ಹೋಮ್ಸ್. ಹಿಂದೆ ಅಲಿಯ ಶಿಬಿರದಲ್ಲಿಯೇ ಕೂಲಿಗೆ ಪೆಟ್ಟು ತಿನ್ನುತ್ತ, ಕೊಡುತ್ತ ವಿದ್ಯೆ ಕಲಿತವನು. ಅಂದು ನೋಡುವವರ ಕಣ್ಣಿಗೆ ಅಲಿ ತರುಣನಂತೆಯೇ ಇದ್ದನು. ಬೊಜ್ಜು ಕರಗಿತ್ತು, ಕೂದಲು ಕಪ್ಪಾಗಿತ್ತು. ಆದರೆ ತೂಕ ಇಳಿಸಿದ್ದ ಥೈರಾಯ್ಡ್ ಮಾತ್ರೆಗಳೇ ಮೈಯ ಕಸುವನ್ನೂ ಹೀರಿದ್ದವು. ಹತ್ತು ಸುತ್ತುಗಳಲ್ಲಿ ಒಂದನ್ನೂ ತೀರ್ಪುಗಾರರು ಅಲಿಗೆ ಕೊಡಲಿಲ್ಲ. ಗುರುವನ್ನು ಹೊಡೆಯಲು ಮನಸ್ಸಿಲ್ಲದ ಹೋಮ್ಸ್, ನಿಲ್ಲಿಸಬಾರದೆ ಎಂಬಂತೆ ರೆಫರಿಯತ್ತ ನೋಡುತ್ತಿದ್ದನು. ಅಲಿ ಬೀಳಲಿಲ್ಲ, ಸಾಕು ಎನ್ನಲೂ ಇಲ್ಲ. ಹತ್ತನೆಯ ಸುತ್ತಿನ ತರುವಾಯ ತರಬೇತುದಾರ ಆಂಜೆಲೊ ಡಂಡಿ ಪಂದ್ಯವನ್ನು ನಿಲ್ಲಿಸಿದರು. ಇನ್ನೊಂದೇ ಸುತ್ತು ಎಂದು ಪಕ್ಕದಲ್ಲಿದ್ದ ಸಹಾಯಕನು ಅಂಗಲಾಚಿದರೂ ಅವರು ಕೇಳಲಿಲ್ಲ. ಅಲಿಯ ಜೀವಮಾನದ 61 ಪಂದ್ಯಗಳಲ್ಲಿ ಅವಧಿಗೆ ಮುನ್ನವೇ ಸೋತದ್ದು ಅದೊಂದೇ.

ಕಣ್ಣಿಗೂ ಕೈಗೂ ನಡುವೆ

ಇದಕ್ಕೆಲ್ಲ ಮುಪ್ಪೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ 38 ವರ್ಷವೆಂಬುದು ಮುಪ್ಪಲ್ಲ. ಆ ವಯಸ್ಸಿನ ರೈತನು ಉಳುವುದರಲ್ಲಿ ಇಪ್ಪತ್ತರ ಮಗನಿಗೆ ಸೋಲುವುದಿಲ್ಲ. ಮುಷ್ಟಿಯುದ್ಧದಲ್ಲಿ ಮಾತ್ರ ಲೆಕ್ಕ ಬೇರೆ. ಕಣ್ಣು ಕಂಡದ್ದಕ್ಕೆ ಮೈ ಪ್ರತಿಕ್ರಿಯೆ ತೋರಲು ಸಾಮಾನ್ಯರಿಗೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಬೇಕು. ಬಿರುಸಿನ ಗುದ್ದು ಅಷ್ಟರೊಳಗೇ ಬಂದು ತಾಗುತ್ತದೆ. ಆದ್ದರಿಂದ ನುರಿತ ಮುಷ್ಟಿಯೋಧನು ಎದುರಾಳಿಯ ಮುಷ್ಟಿಯನ್ನು ನೋಡಿ ತಪ್ಪಿಸಿಕೊಳ್ಳುವುದಿಲ್ಲ. ಅವನ ಭುಜದ ಅಲುಗಾಟವನ್ನು, ಪಾದದ ತಿರುವನ್ನು ಓದಿ, ಗುದ್ದು ಹೊರಡುವ ಮುನ್ನವೇ ಸರಿಯುತ್ತಾನೆ. ವಯಸ್ಸಾದಂತೆ ಈ ಓದು ಮಾಸುವುದಿಲ್ಲ. ಅನುಭವದಿಂದ ಹೆಚ್ಚುವುದೂ ಉಂಟು. ಮಾಸುವುದು ಆಜ್ಞೆಯನ್ನು ನಡೆಸಿಕೊಡುವ ಮೈ. ಕ್ಷಿಪ್ರ ಚಲನೆಗೆ ಬೇಕಾದ ಸ್ನಾಯುತಂತುಗಳು ಉಳಿದವುಗಳಿಗಿಂತ ಮೊದಲು ಸೊರಗುತ್ತವೆ. ಪೆಟ್ಟು ಬರುವುದು ತಿಳಿಯುತ್ತದೆ, ತಲೆ ಸರಿಯುವಷ್ಟರಲ್ಲಿ ಕೂದಲೆಳೆಯಷ್ಟು ತಡವಾಗಿರುತ್ತದೆ. ಹಿಂದೆ ಗಲ್ಲವನ್ನು ಸವರಿ ಹೋಗುತ್ತಿದ್ದ ಗುದ್ದು ಈಗ ಗಲ್ಲಕ್ಕೇ ಬೀಳುತ್ತದೆ.

ಆದುದರಿಂದಲೇ ವೇಗವನ್ನು ನಂಬಿದವನು ಬೇಗ ಸೋಲುತ್ತಾನೆ, ಬಲವನ್ನು ನಂಬಿದವನು ತಡವಾಗಿ. 1974ರಲ್ಲಿ ಕಿನ್ಷಾಸಾದಲ್ಲಿ ಅಲಿಗೆ ಸೋತಿದ್ದ ಜಾರ್ಜ್ ಫೋರ್‌ಮನ್ ಇಪ್ಪತ್ತು ವರ್ಷಗಳ ಮೇಲೆ, 1994ರ ನವೆಂಬರ್ 5ರಂದು, ತನ್ನ 45ನೆಯ ವಯಸ್ಸಿನಲ್ಲಿ ಮೈಕೇಲ್ ಮೂರರ್‌ನನ್ನು ಹತ್ತನೆಯ ಸುತ್ತಿನಲ್ಲಿ ಕೆಡವಿ ಮತ್ತೆ ವಿಶ್ವವಿಜೇತನಾದನು. ಅಂಕಗಳಲ್ಲಿ ಹಿಂದಿದ್ದರೂ ಬಲಗೈಯ ತೂಕವನ್ನು ನಂಬಿ ತಾಳ್ಮೆಯಿಂದ ಕಾದಿದ್ದನು. ಇನ್ನೊಂದನ್ನೂ ಮರೆಯುವಂತಿಲ್ಲ: 1977ರಿಂದ 1987ರವರೆಗೆ ಆತ ಕಣಕ್ಕೆ ಇಳಿದಿರಲಿಲ್ಲ. ಆ ಹತ್ತು ವರ್ಷಗಳ ಪೆಟ್ಟುಗಳು ಆತನ ತಲೆಗೆ ಬಿದ್ದಿರಲಿಲ್ಲ.

ಯಾರೂ ಬರೆದಿಡದ ಲೆಕ್ಕ

ಪೆಟ್ಟುಗಳ ಈ ಲೆಕ್ಕವೇ ಎರಡನೆಯ ಕಾರಣ. ತಲೆಬುರುಡೆಯೊಳಗಣ ದ್ರವದಲ್ಲಿ ಮಿದುಳು ತೇಲುವಂತಿರುತ್ತದೆ. ಗಲ್ಲಕ್ಕೆ ಬಿದ್ದ ಗುದ್ದು ತಲೆಯನ್ನು ಥಟ್ಟನೆ ತಿರುಗಿಸಿದಾಗ ಮಿದುಳು ತಿರುಚಿಕೊಂಡು ಅದರ ಸೂಕ್ಷ್ಮ ತಂತುಗಳು ಘಾಸಿಗೊಳ್ಳುತ್ತವೆ. ಒಂದು ಪೆಟ್ಟಿನಿಂದ ಕಾಣದ ಹಾನಿ ಸಾವಿರ ಪೆಟ್ಟುಗಳಿಂದ ಕಾಣುತ್ತದೆ. ಹಳೆಯ ಮುಷ್ಟಿಯೋಧರ ತೊದಲುಮಾತು, ತಡವರಿಸುವ ನಡಿಗೆಗಳನ್ನು ಅಮೆರಿಕದ ರೋಗವಿಜ್ಞಾನಿ ಹ್ಯಾರಿಸನ್ ಮಾರ್ಟ್‌ಲೆಂಡ್ 1928ರಷ್ಟು ಹಿಂದೆಯೇ ವೈದ್ಯ ಪತ್ರಿಕೆಯಲ್ಲಿ ವಿವರಿಸಿದ್ದರು. ಪಂದ್ಯದ ಪೆಟ್ಟುಗಳನ್ನಾದರೂ ಜನ ಎಣಿಸುತ್ತಾರೆ. ಅಭ್ಯಾಸದ ಮನೆಯಲ್ಲಿ ದಿನದಿನವೂ ಬಿದ್ದವುಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಅಲಿಯ ಬಾಳನ್ನೇ ಈ ಬೆಳಕಿನಲ್ಲಿ ನೋಡಬಹುದು. ಸೈನ್ಯಕ್ಕೆ ಸೇರಲು ಒಪ್ಪದ ಕಾರಣ 1967ರಿಂದ 1970ರವರೆಗೆ ಆತನಿಗೆ ಕಣ ನಿಷಿದ್ಧವಾಗಿತ್ತು. ಮರಳಿ ಬಂದಾಗ ಕಾಲುಗಳಲ್ಲಿ ಮೊದಲಿನ ನರ್ತನವಿರಲಿಲ್ಲ. ಪೆಟ್ಟನ್ನು ತಪ್ಪಿಸಿಕೊಳ್ಳುತ್ತಿದ್ದ ಅಲಿ ಪೆಟ್ಟನ್ನು ತಾಳಿಕೊಳ್ಳುವ ಅಲಿಯಾದನು. ಕಿನ್ಷಾಸಾದಲ್ಲಿ ಹಗ್ಗಕ್ಕೊರಗಿ ಫೋರ್‌ಮನ್ನನ ಗುದ್ದುಗಳನ್ನು ಮೈಮೇಲೆ ತೆಗೆದುಕೊಂಡು ಅವನನ್ನು ದಣಿಸಿ ಗೆದ್ದನು. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಜೋ ಫ್ರೇಜಿಯರ್‌ನೊಡನೆ ಹದಿನಾಲ್ಕು ಸುತ್ತು ಕಾದಿ ಗೆದ್ದನು. ಜಗತ್ತು ಚಪ್ಪಾಳೆ ತಟ್ಟಿತು. ಆ ಗೆಲುವುಗಳು ಸಾಲದ ಗೆಲುವುಗಳಾಗಿದ್ದವು, ಬಡ್ಡಿ ಬೆಳೆಯುತ್ತಿತ್ತು.

ಅದನ್ನು ಕಂಡವರು ಇರಲಿಲ್ಲವೆಂದಲ್ಲ. 1977ರ ಸೆಪ್ಟೆಂಬರಿನಲ್ಲಿ ಅರ್ನಿ ಶೇವರ್ಸ್‌ನೊಡನೆ ಹದಿನೈದು ಸುತ್ತು ಹೋರಾಡಿ ಅಲಿ ಗೆದ್ದ ಬಳಿಕ, ಆತನ ವೈದ್ಯ ಫರ್ಡಿ ಪಾಚೆಕೊ ಮೂತ್ರಪಿಂಡಗಳ ಹಾನಿಯನ್ನು ಸೂಚಿಸುವ ಪರೀಕ್ಷಾ ವರದಿಯನ್ನು ಅಲಿಗೂ ಆತನ ಪತ್ನಿಗೂ ಸುತ್ತಲಿನವರಿಗೂ ಕಳುಹಿಸಿದರಂತೆ. ಯಾರಿಂದಲೂ ಉತ್ತರ ಬರಲಿಲ್ಲವೆಂದೂ, ಆದ್ದರಿಂದಲೇ ತಾವು ಬಿಟ್ಟು ಹೊರಟುದಾಗಿಯೂ ಅವರು ಮುಂದೆ ಹೇಳಿಕೊಂಡಿದ್ದಾರೆ. ಐದೇ ತಿಂಗಳಲ್ಲಿ, 1978ರ ಫೆಬ್ರವರಿಯಲ್ಲಿ, ಕೇವಲ ಏಳು ವೃತ್ತಿಪಂದ್ಯಗಳ ಅನುಭವವಿದ್ದ ಲಿಯಾನ್ ಸ್ಪಿಂಕ್ಸ್ ಅಲಿಯನ್ನು ಸೋಲಿಸಿದನು. ಸೆಪ್ಟೆಂಬರಿನಲ್ಲಿ ಅಲಿ ಪಟ್ಟವನ್ನು ಮರಳಿ ಗೆದ್ದದ್ದು ನಿಜ. ಅಲ್ಲಿಗೇ ನಿಲ್ಲಿಸಿದ್ದರೆ?

ನಿಲ್ಲಿಸಲು ಬಿಡದ ಮನಸ್ಸು

ನಿಲ್ಲಿಸಲಾಗದ್ದು ಮೂರನೆಯ ಕಾರಣ, ಎಲ್ಲಕ್ಕಿಂತ ಆಳವಾದುದು. ಹಣದ ಅಡಚಣೆ ಒಮ್ಮೊಮ್ಮೆ ನಿಜವಾಗಿಯೂ ಇರುತ್ತದೆ. 1937ರಿಂದ 1949ರವರೆಗೆ ಪಟ್ಟದಲ್ಲಿದ್ದು 25 ಬಾರಿ ಅದನ್ನು ಉಳಿಸಿಕೊಂಡ ಜೋ ಲೂಯಿಸ್, 1942ರಲ್ಲಿ ಎರಡು ಪಂದ್ಯಗಳ ಸಂಪಾದನೆಯನ್ನು ನೌಕಾದಳ ಮತ್ತು ಭೂಸೇನೆಗಳ ಪರಿಹಾರ ನಿಧಿಗಳಿಗೆ ದಾನ ಮಾಡಿದ್ದನು. ಅಂಥವನು ತೆರಿಗೆಯ ಬಾಕಿಗಾಗಿ ನಿವೃತ್ತಿಯನ್ನು ಮುರಿದು ಕಣಕ್ಕೆ ಮರಳಬೇಕಾಯಿತು. 1951ರ ಅಕ್ಟೋಬರ್ 26ರಂದು, 37ರ ಲೂಯಿಸನನ್ನು ರಾಕಿ ಮಾರ್ಸಿಯಾನೊ ಎಂಟನೆಯ ಸುತ್ತಿನಲ್ಲಿ ಹಗ್ಗಗಳಾಚೆಗೆ ಕೆಡವಿದನು. ಲೂಯಿಸ್ ಮಾರ್ಸಿಯಾನೊನ ಆರಾಧ್ಯ ವೀರನಾಗಿದ್ದನು. ಬಹುಶಃ ಆ ರಾತ್ರಿಯ ಪಾಠವನ್ನು ಗೆದ್ದವನೇ ಕಲಿತನೇನೋ: 1956ರಲ್ಲಿ, 49 ಪಂದ್ಯಗಳಲ್ಲಿ 49ನ್ನೂ ಗೆದ್ದು, ಕುಟುಂಬದೊಡನೆ ಇರಬೇಕೆಂದು ಹೇಳಿ 32ನೆಯ ವಯಸ್ಸಿಗೇ ಕೈಗವಸುಗಳನ್ನು ಕಳಚಿಟ್ಟನು.

ಆದರೆ ಎಲ್ಲರೂ ಕಲಿಯುವುದಿಲ್ಲ. ಅಲಿಯನ್ನು ಸೋಲಿಸಿ ನೊಂದಿದ್ದ ಹೋಮ್ಸ್ ತಾನೂ ನಿವೃತ್ತಿಯಿಂದ ಮರಳಿ ಬಂದು, 1988ರ ಜನವರಿ 22ರಂದು ಮೈಕ್ ಟೈಸನ್ನನಿಂದ ನಾಲ್ಕನೆಯ ಸುತ್ತಿನಲ್ಲಿ ಕೆಡವಲ್ಪಟ್ಟನು. ಆಗ ಅವನಿಗೆ ಅಲಿಗಿದ್ದಷ್ಟೇ, 38 ವರ್ಷ. ಅದೇ ಟೈಸನ್ 2005ರ ಜೂನ್ 11ರಂದು ಕೆವಿನ್ ಮೆಕ್‌ಬ್ರೈಡ್ ಎಂಬ ಸಾಧಾರಣ ಮುಷ್ಟಿಯೋಧನೆದುರು, ಆರು ಸುತ್ತುಗಳ ಮೇಲೆ ಏಳಲಾರದೆ ಸ್ಟೂಲಿನಲ್ಲಿಯೇ ಕುಳಿತುಬಿಟ್ಟನು. ಅವನಿಗೂ 38! ಹಾಗಾದರೂ 2024ರ ನವೆಂಬರಿನಲ್ಲಿ, 58ನೆಯ ವಯಸ್ಸಿನಲ್ಲಿ, 27ರ ಜೇಕ್ ಪಾಲ್‌ನೊಡನೆ ಮತ್ತೊಮ್ಮೆ ಕಾದಿ ಸೋತನು.

ಇದನ್ನು ಮೂರ್ಖತನವೆಂದು ನಾವು ಕರೆಯಲಾರೆವು. ಸೋಲನ್ನು ಒಪ್ಪದಿರುವ ಗುಣದಿಂದಲೇ ಇವರು ಮಹಾವೀರರಾದರು. ಬಿದ್ದಾಗಲೆಲ್ಲ ಎದ್ದು ನಿಲ್ಲಿಸಿದ ಆ ಛಲವೇ, ಏಳಬಾರದ ಹೊತ್ತಿನಲ್ಲಿಯೂ ಏಳು ಎನ್ನುತ್ತದೆ. ಮೈ ಸವೆದಷ್ಟು ಬೇಗ ಛಲ ಸವೆಯುವುದಿಲ್ಲ. ತಾನು ನಿನ್ನೆಯವನೇ ಎಂದು ಹೇಳುವ ಸ್ವಂತ ಮನಸ್ಸೇ ಅವರನ್ನು ಕೊನೆಯಲ್ಲಿ ಸೋಲಿಸುವ ಎದುರಾಳಿ.

1981ರ ಡಿಸೆಂಬರಿನಲ್ಲಿ ಬಹಾಮಾಸಿನಲ್ಲಿ ಟ್ರೆವರ್ ಬರ್ಬಿಕ್‌ನಿಗೆ ಸೋತು ಅಲಿ ಕಣದಿಂದ ಇಳಿದನು. 1984ರಲ್ಲಿ ವೈದ್ಯರು ಆತನಲ್ಲಿ ಪಾರ್ಕಿನ್ಸನ್ ಲಕ್ಷಣಗಳನ್ನು ಗುರುತಿಸಿದರು. ಪೆಟ್ಟುಗಳೇ ಕಾರಣವೆಂಬುದರಲ್ಲಿ ವೈದ್ಯರಿಗೆ ಏಕಾಭಿಪ್ರಾಯವಿಲ್ಲ. 1996ರಲ್ಲಿ ಅಟ್ಲಾಂಟಾದಲ್ಲಿ ಒಲಿಂಪಿಕ್ ಜ್ಯೋತಿಯನ್ನು ಬೆಳಗಿಸಿದ ಆ ನಡುಗುವ ಕೈಯನ್ನು ಟೆಲಿವಿಷನ್ನಿನಲ್ಲಿ ಕಂಡವರು ಮರೆಯಲಾರರು. 2016ರ ಜೂನ್ 3ರಂದು ಆತ ತೀರಿಕೊಂಡನು.

ಮೌಸಲಪರ್ವದಲ್ಲಿ ಸೋತ ಅರ್ಜುನನು ವ್ಯಾಸರ ಬಳಿಗೆ ಹೋಗುತ್ತಾನೆ. ಅಸ್ತ್ರಗಳ ಕೆಲಸ ಮುಗಿಯಿತು, ಹೊರಡುವ ಕಾಲ ಬಂದಿತು ಎಂದು ಅವರು ತಿಳಿಸುತ್ತಾರೆ. ಅರ್ಜುನನು ಕೇಳುತ್ತಾನೆ. ಹೇಳುವ ಹಿರಿಯರಿದ್ದುದು, ಕೇಳುವ ಕಿವಿಯಿದ್ದುದು, ಎರಡೂ ಅವನ ಭಾಗ್ಯ. ನಮ್ಮ ಮನೆಗಳಲ್ಲಿಯೂ ದುಡಿದು ದುಡಿದು ನಿಲ್ಲಿಸಲು ತಿಳಿಯದ ಹಿರಿಯರುಂಟು; ಅವರ ಹೆಸರಿನ ಬಲವನ್ನೇ ಇನ್ನೂ ಉಣ್ಣುತ್ತಿರುವ ನಾವೂ ಉಂಟು. ಚಪ್ಪಾಳೆ ತಟ್ಟುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಆ ರಾತ್ರಿ ಲಾಸ್ ವೇಗಾಸಿನಲ್ಲಿ ಅಲಿಯನ್ನು ನಿಜವಾಗಿ ಪ್ರೀತಿಸಿದವರು ಯಾರೆಂದು ಕೇಳಿದರೆ, ಸಾಕು ಎಂದ ಡಂಡಿಯ ಹೆಸರನ್ನೇ ನಾವು ಹೇಳುವೆವು.