ಸೀರೆಯೋ, ಖಣವೋ?

ಬೆಟಗೇರಿಯ ಮಗ್ಗದಲ್ಲಿ ಹಾಸಿನ ಎಳೆಯೊಂದು ಹರಿದದ್ದು ನೇಕಾರರ ಕಣ್ತಪ್ಪಿತೆನ್ನಿ. ಅರಿವೆಯ ಮೇಲೆ ಸಣ್ಣ ಗೆರೆ ಮೂಡುತ್ತದೆ. ಅದು ಸೀರೆಯಾದರೆ ಇಡೀ ಸೀರೆಯ ಬೆಲೆ ಇಳಿಯಿತು. ಅಷ್ಟೇ ಅರಿವೆಯನ್ನು ಕುಪ್ಪಸದ ಖಣಗಳಾಗಿ ಕತ್ತರಿಸುವುದಿದ್ದರೆ ಕೆಡುವುದು ಒಂದೆರಡು ಖಣ ಮಾತ್ರ. ಇಂಟೆಲ್ ಮತ್ತು ಎಎಂಡಿ ಕಂಪನಿಗಳ ಪೈಪೋಟಿಯ ಒಳಗೂ ಇದೇ ಲೆಕ್ಕ ಓಡುತ್ತಿದೆ.

ಪ್ರೊಸೆಸರ್ ಚಿಪ್‌ಗಳು 300 ಮಿ.ಮೀ. ಅಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಸಾಲುಸಾಲಾಗಿ ಮೂಡುತ್ತವೆ. ಎಷ್ಟೇ ಶುಚಿ ಕಾಯ್ದರೂ ಅಲ್ಲೊಂದು ಇಲ್ಲೊಂದು ದೋಷ ಉಳಿಯುತ್ತದೆ. ಹತ್ತು ಚದರ ಸೆಂ.ಮೀ.ಗೆ ಸರಾಸರಿ ಒಂದು ದೋಷ ಎಂದುಕೊಳ್ಳಿ. ಒಂದು ಚದರ ಸೆಂ.ಮೀ.ನ ಚಿಪ್ ಆದರೆ ನೂರಕ್ಕೆ ಸುಮಾರು 90 ಕೈಗೆ ಬರುತ್ತವೆ. ಎಂಟು ಚದರ ಸೆಂ.ಮೀ.ನದಾದರೆ 45 ಅಷ್ಟೇ! ಕಾರ್ಖಾನೆ ಅದೇ, ಯಂತ್ರಗಳೂ ಅವೇ. ಇಳುವರಿ ಅರ್ಧಕ್ಕೆ ಇಳಿದದ್ದು ವಿನ್ಯಾಸಕಾರರು ನಕ್ಷೆಯಲ್ಲಿ ಎಳೆದ ಗೆರೆಯಿಂದ.

2006ರಲ್ಲಿ ಇಂಟೆಲ್ ಎರಡೆರಡು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಎರಡು ಸಿಲಿಕಾನ್ ತುಂಡುಗಳನ್ನು ಒಂದೇ ಪ್ಯಾಕೇಜಿನಲ್ಲಿ ಕೂರಿಸಿ ನಾಲ್ಕು ಕೋರ್‌ನ ಪ್ರೊಸೆಸರ್ ಮಾರಿತು. ಮರುವರ್ಷ ಎಎಂಡಿ ನಾಲ್ಕನ್ನೂ ಒಂದೇ ತುಂಡಿನಲ್ಲಿ ತಂದು, ಅಸಲಿ ಎಂದರೆ ಇದು ಎಂದು ಹೇಳಿಕೊಂಡಿತು. ಆದರೆ ಆ ತುಂಡು 280 ಚದರ ಮಿ.ಮೀ. ದಾಟಿತ್ತು. 2008ರಲ್ಲಿ ಒಂದು ಕೋರ್ ಮುಚ್ಚಿದ, ಮೂರೇ ಕೋರ್‌ಗಳ ಎಎಂಡಿ ಪ್ರೊಸೆಸರ್ 'ಫಿನಾಮ್' ಅಂಗಡಿಗೆ ಬಂತು. ಒಂದು ಮೂಲೆ ಕೆಟ್ಟ ಚಿಪ್ಪನ್ನೂ ಎಸೆಯದೆ ಮಾರುವ ದಾರಿ ಅದು.

ಅದೇ ವರ್ಷ ಬೆಂಗಳೂರಿನಲ್ಲಿ ವಿನ್ಯಾಸಗೊಂಡ ಇಂಟೆಲ್‌ನ 'ಡನಿಂಗ್ಟನ್' ಹೊರಬಂತು. ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್, 503 ಚದರ ಮಿ.ಮೀ., ಎಲ್ಲ ಒಂದೇ ತುಂಡು. ಅಷ್ಟು ದೊಡ್ಡ ಚಿಪ್ಪಿಗೆ ಆಸರೆ ಬೇಕು. ಇಂಥವುಗಳ ಬಹುಭಾಗ ಕ್ಯಾಶ್ ಮೆಮೊರಿ. ಅದರಲ್ಲಿ ಬಿಡಿ ಸಾಲುಗಳನ್ನು ಮೊದಲೇ ಹೆಣೆದಿಡುವುದು ಚಿಪ್ ವಿನ್ಯಾಸದ ರೂಢಿ. ಪರೀಕ್ಷೆಯಲ್ಲಿ ಒಂದು ಸಾಲು ಕೆಟ್ಟದ್ದು ಕಂಡರೆ ಫ್ಯೂಸ್ ಸುಟ್ಟು ಬಿಡಿ ಸಾಲನ್ನು ಅದರ ಜಾಗಕ್ಕೆ ಜೋಡಿಸುತ್ತಾರೆ. ಹರಿದ ಎಳೆಗೆ ಗಂಟು ಹಾಕಿದಂತೆಯೇ. ಡನಿಂಗ್ಟನ್‌ನಲ್ಲಿ ನಾಲ್ಕೇ ಕೋರ್ ತೆರೆದ ಮಾದರಿಗಳೂ ಮಾರಾಟಕ್ಕಿದ್ದವು.

2017ರ ಹೊತ್ತಿಗೆ ಪಾತ್ರಗಳು ಅದಲುಬದಲಾದವು. ಎಎಂಡಿಯ 32 ಕೋರ್‌ನ 'ಎಪಿಕ್' ತಲಾ 213 ಚದರ ಮಿ.ಮೀ.ನ ನಾಲ್ಕು ತುಂಡುಗಳ ಜೋಡಣೆ. ಅಂಟಿಸಿದ ತುಂಡುಗಳು ಎಂದು ಇಂಟೆಲ್ ಟೀಕಿಸಿತು. ಎಎಂಡಿಯ ಲೆಕ್ಕ ಬೇರೆಯೇ ಇತ್ತು: ಒಂದೇ ತುಂಡಾಗಿದ್ದರೆ 777 ಚದರ ಮಿ.ಮೀ. ಸಾಕಿತ್ತು, ನಾಲ್ಕಾದ್ದರಿಂದ 852 ಬೇಕಾಯಿತು. ಸಿಲಿಕಾನ್ ಹೆಚ್ಚು ಹಿಡಿದರೂ ತಯಾರಿಕೆಯ ವೆಚ್ಚ ಶೇ. 41ರಷ್ಟು ಇಳಿಯಿತು.

ಜೋಡಿಸುವುದಕ್ಕೂ ಬೆಲೆ ತೆರಬೇಕು. ತುಂಡಿನಿಂದ ತುಂಡಿಗೆ ದಾಟುವಾಗ ಸಂಕೇತ ತಡವಾಗುತ್ತದೆ, ವಿದ್ಯುತ್ತನ್ನೂ ತಿನ್ನುತ್ತದೆ. 2023ರ ಜನವರಿಯಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಸರ್ವರ್ ಪ್ರೊಸೆಸರ್ 'ಸಫೈರ್ ರ್‍ಯಾಪಿಡ್ಸ್'ನ ದೊಡ್ಡ ಮಾದರಿಗಳಲ್ಲಿ, ಈ ಬೆಲೆ ತಗ್ಗಿಸಲೆಂದು ಅಡಿಯಲ್ಲಿ ಹುದುಗಿಸಿದ ಪುಟ್ಟ ಸಿಲಿಕಾನ್ ಸೇತುವೆಗಳು ತುಂಡುಗಳನ್ನು ಬೆಸೆಯುತ್ತವೆ. ತುಂಡುಗಳ ಸಂಖ್ಯೆ ನಾಲ್ಕು.